ಹಿಮಾಲಯನ್ 411: ಹಿಂದಿನ ಶಾಕ್ ಮನೆಯಲ್ಲೇ ಬದಲಿಸೋದು ಹೇಗೆ?

ಕೊಪ್ಪದ ದಾರಿ

ಗಾಡಿ ರಾಯಲ್ ಎನ್‌ಫೀಲ್ಡ್ ಬೈಕ್, 2019ರ ಹಿಮಾಲಯನ್ 411, ಬಿಎಸ್4, ಎಬಿಎಸ್ ಇರೋದು. 43,000 ಕಿ.ಮೀ. ಓಡಿದೆ. ಹಿಂದಿನ ಶಾಕ್‌ನ (ಶಾಕ್ ಅಬ್ಸಾರ್ಬರ್) ರಾಡ್ ಮೇಲೆ ಎಣ್ಣೆ ಪಸೆ, ಅದಕ್ಕೆ ಧೂಳು ಮೆತ್ತಿಕೊಂಡಿದೆ. ಹಂಪ್ ದಾಟಿದ ಮೇಲೆ ಹಿಂಭಾಗ ಎರಡು ಮೂರು ಸಲ ಕುಣಿದು ಆಮೇಲೆ ನಿಲ್ಲುತ್ತದೆ. ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಪ್ರಮಾಣ) ಪೂರ್ತಿ ಏರಿಸಿ ನೋಡಿದರೂ ಕುಣಿತ ಕಡಿಮೆ ಆಗಿಲ್ಲ.

ಹೊರಗಿನ ಕಂಪನಿಯ ಶಾಕ್ ತರಿಸಿದ್ದೇನೆ. ಪ್ರೀಲೋಡ್ ಮತ್ತು ರೀಬೌಂಡ್ (ಒತ್ತಿದ ಶಾಕ್ ವಾಪಸ್ ಬರುವ ವೇಗದ ಹಿಡಿತ) ಎರಡನ್ನೂ ತಿರುಗಿಸಬಹುದು, ಹೋಸ್‌ನಲ್ಲಿ ಜೋತುಬಿದ್ದ ಸಣ್ಣ ರಿಸರ್ವಾಯರ್ (ಎಣ್ಣೆ, ಗ್ಯಾಸ್ ಇರುವ ಡಬ್ಬಿ) ಇದೆ. ನನ್ನ ತೂಕ 82 ಕೆ.ಜಿ. ಆಗೀಗ ಹಿಂದೆ 58 ಕೆ.ಜಿ.ಯವರು ಕೂರುತ್ತಾರೆ, ಜೊತೆಗೆ ಎರಡು ಪೆಟ್ಟಿಗೆ ಸೇರಿ 20 ಕೆ.ಜಿ. ಸಾಮಾನು. ದಾರಿ ಅಂದರೆ ತೋಟದ ಮಣ್ಣುರಸ್ತೆ ಮತ್ತು ಘಾಟಿ.

ಕೈಲಿರೋದು ಸಾಕೆಟ್ ಸೆಟ್, ಕಾರಿನ ಜಾಕ್, ಗಾಡಿಯದೇ ಡಬಲ್ ಸ್ಟ್ಯಾಂಡ್. ಸ್ಪ್ರಿಂಗ್ ಒತ್ತುವ ಉಪಕರಣ ಇಲ್ಲ, ಟಾರ್ಕ್ ರೆಂಚೂ ಇಲ್ಲ. ಇಷ್ಟರಲ್ಲಿ ಕೆಲಸ ಆಗುತ್ತದಾ? ಎಲ್ಲಿ ಎಡವುತ್ತಾರೆ ಅನ್ನೋದನ್ನ ಮೊದಲೇ ತಿಳಿದುಕೊಂಡು ಕೈ ಹಾಕೋಣ ಅಂತ.

ಎರಡನೇ ಗೇರ್

ಮೊದಲು ಕುಣಿತದ ವಿಷಯ. ಗುಂಡಿಯ ಪೆಟ್ಟನ್ನು ಸ್ಪ್ರಿಂಗ್ ತಗೊಳ್ಳುತ್ತದೆ, ಆದರೆ ತಗೊಂಡದ್ದನ್ನೆಲ್ಲ ವಾಪಸ್ ಕೊಡುತ್ತದೆ. ಹಾಗೆ ವಾಪಸ್ ಬರುವುದನ್ನು ತಡೆದು ಶಾಖವಾಗಿ ಕರಗಿಸೋದು ಒಳಗಿನ ಎಣ್ಣೆ. ನಿಮ್ಮದರಲ್ಲಿ ಸೀಲ್ ಹೋಗಿ ಎಣ್ಣೆ ಹೊರಬಂದಿದೆ, ಎಣ್ಣೆಯನ್ನು ಒತ್ತಿ ಹಿಡಿಯುವ ನೈಟ್ರೋಜನ್ ಒತ್ತಡವೂ ಇಳಿದಿರುತ್ತದೆ. ಪ್ರೀಲೋಡ್ ಏರಿಸಿದರೆ ಸೀಟು ಮೇಲೆ ಬರುತ್ತದೆ ಅಷ್ಟೇ. ಎಣ್ಣೆಯ ಕೆಲಸವನ್ನು ಅದು ಮಾಡಲಾರದು.

ಸ್ಪ್ರಿಂಗ್ ಒತ್ತುವ ಉಪಕರಣ ಬೇಡ. ಇಡೀ ಶಾಕ್ ಹೊರಗೆ ಬಂದು ಇಡೀ ಶಾಕ್ ಒಳಗೆ ಹೋಗುತ್ತದೆ, ಸ್ಪ್ರಿಂಗ್ ಅದರದೇ ಎರಡು ತಟ್ಟೆಗಳ ಮಧ್ಯೆ ಬಂಧಿಯಾಗಿಯೇ ಇರುತ್ತದೆ. ಟಾರ್ಕ್ ರೆಂಚ್ ಮಾತ್ರ ಬೇಕೇ ಬೇಕು, ಯಾರಿಂದಲಾದರೂ ಒಂದು ದಿನಕ್ಕೆ ತನ್ನಿ. ಅಂಕಿಯನ್ನು ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್ ನೋಡಿಯೇ ಹಾಕಿ. ಕೈ ಅಂದಾಜು ಎಷ್ಟು ಮೋಸ ಮಾಡುತ್ತದೆ ನೋಡಿ: 8.8 ಗ್ರೇಡಿನ ಎಂ10 ಬೋಲ್ಟ್ ಸಾಮಾನ್ಯವಾಗಿ ಕೇಳೋದು 45ರಿಂದ 50 ನ್ಯೂಟನ್ ಮೀಟರ್. 40 ಸೆಂ.ಮೀ. ಹಿಡಿಕೆಗೆ 30 ಕೆ.ಜಿ. ಬಲ ಬಿಟ್ಟರೆ 118 ಆಗಿಹೋಗುತ್ತದೆ.

ಹಿಂದಿನ ರಾತ್ರಿಯೇ ಶಾಕ್‌ನ ಮೇಲಿನ, ಕೆಳಗಿನ ಬೋಲ್ಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಬೆಳಿಗ್ಗೆ ಗಟ್ಟಿ ನೆಲದ ಮೇಲೆ ಡಬಲ್ ಸ್ಟ್ಯಾಂಡ್ ಹಾಕಿ. ಮುಂದಿನ ಬ್ರೇಕ್ ಲಿವರನ್ನು ಹ್ಯಾಂಡಲ್‌ಗೆ ಎಳೆದು ಕಟ್ಟಿ, ಮುಂದಿನ ಚಕ್ರದಿಂದ ಸ್ಟ್ಯಾಂಡ್‌ಗೆ ಒಂದು ಬೆಲ್ಟ್ ಬಿಗಿಯಿರಿ. ಇಲ್ಲದಿದ್ದರೆ ಬಿಗಿದ ಬೋಲ್ಟನ್ನು ಜೋರಾಗಿ ಎಳೆದಾಗ ಗಾಡಿ ಮುಂದಕ್ಕೆ ಜಾರಿ ಸ್ಟ್ಯಾಂಡಿಂದ ಇಳಿಯುತ್ತದೆ.

ಸೀಟು, ಎರಡೂ ಬದಿಯ ಪ್ಯಾನೆಲ್ ತೆಗೆಯಿರಿ. ಹಿಂದಿನ ಚಕ್ರವನ್ನೂ ಬಿಚ್ಚಿಬಿಡಿ. ಚಕ್ರ ಇಟ್ಟುಕೊಂಡೇ ಮಾಡುವವರಿದ್ದಾರೆ, ಆದರೆ ಕೈ ಓಡಾಡಲು ಜಾಗ ಸಾಲದೆ ಉಳಿಸಿದ ಹತ್ತು ನಿಮಿಷಕ್ಕೆ ಒಂದು ಗಂಟೆ ಕಳೆಯುತ್ತಾರೆ. ಚಕ್ರ ತೆಗೆದ ಮೇಲೆ ಬ್ರೇಕ್ ಪ್ಯಾಡ್‌ಗಳ ಮಧ್ಯೆ ರಟ್ಟಿನ ತುಂಡು ಸಿಕ್ಕಿಸಿ. ಡಿಸ್ಕ್ ಇಲ್ಲದಾಗ ಪೆಡಲ್ ಒತ್ತಿದರೆ ಪಿಸ್ಟನ್ ಹೊರಗೆ ಬಂದು ಕೂರುತ್ತದೆ. ಕ್ಯಾಲಿಪರ್ ಹೋಸ್‌ನಲ್ಲಿ ಜೋತಾಡಬಾರದು, ಎಬಿಎಸ್ ಸೆನ್ಸರ್ ವೈರ್ ಎಳೆಯಬಾರದು. ಎರಡನ್ನೂ ಸ್ವಿಂಗ್ ಆರ್ಮ್‌ಗೆ (ಹಿಂಚಕ್ರವನ್ನು ಹಿಡಿದು ಮೇಲೆ ಕೆಳಗೆ ಆಡುವ ತೋಳು) ಕಟ್ಟಿಡಿ.

ಇನ್ನು ಹೆಚ್ಚಿನವರು ಎಡವುವ ಜಾಗ. ಗಾಳಿಯಲ್ಲಿ ತೂಗುವ ಸ್ವಿಂಗ್ ಆರ್ಮ್‌ನ ಭಾರ ಶಾಕ್‌ನ ಬೋಲ್ಟ್‌ಗಳ ಮೇಲೇ ಇರುತ್ತದೆ. ನಟ್ ಬಿಚ್ಚಿದರೂ ಬೋಲ್ಟ್ ಬರದಿರೋದು ಅದಕ್ಕೇ. ಸುತ್ತಿಗೆಯಲ್ಲಿ ಹೊಡೆದರೆ ಥ್ರೆಡ್ ಮುದುಡುತ್ತದೆ, ಇಲ್ಲವೇ ಒಳಗಿನ ಸ್ಲೀವ್ ಗೀರುತ್ತದೆ. ಸ್ವಿಂಗ್ ಆರ್ಮ್‌ನ ಹಿಂದಿನ ತುದಿಗೆ ಮರದ ತುಂಡಿಟ್ಟು ಜಾಕ್ ಕೊಡಿ, ಒಂದು ಕೈಯಲ್ಲಿ ಬೋಲ್ಟ್ ತಿರುಗಿಸುತ್ತಾ ಇನ್ನೊಂದರಲ್ಲಿ ಜಾಕ್ ಕೂದಲೆಳೆಯಷ್ಟು ಏರಿಸಿ ಇಳಿಸಿ ನೋಡಿ. ಒಂದು ಎತ್ತರದಲ್ಲಿ ಬೋಲ್ಟ್ ಇದ್ದಕ್ಕಿದ್ದಂತೆ ಸಡಿಲವಾಗಿ ಬೆರಳಲ್ಲೇ ಜಾರಿ ಬರುತ್ತದೆ. ಮೊದಲು ಕೆಳಗಿನದು, ಆಮೇಲೆ ಶಾಕನ್ನು ಕೈಯಲ್ಲಿ ಹಿಡಿದು ಮೇಲಿನದು. ಬೋಲ್ಟ್‌ನ ತಲೆ ಯಾವ ಕಡೆಗಿತ್ತು, ಯಾವ ವಾಷರ್ ಎಲ್ಲಿತ್ತು ಅಂತ ಬಿಚ್ಚುವ ಮೊದಲೇ ಫೋಟೊ ತೆಗೆದಿಡಿ.

ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಮಲಗಿಸಿ ವರ್ನಿಯರ್‌ನಲ್ಲಿ ಅಳೆಯಿರಿ: ಮೇಲಿನ ತೂತಿನ ಮಧ್ಯದಿಂದ ಕೆಳಗಿನ ತೂತಿನ ಮಧ್ಯಕ್ಕೆ ಇರುವ ಉದ್ದ, ಎರಡೂ ಕಿವಿಗಳ (ಬೋಲ್ಟ್ ತೂತಿರುವ ತುದಿಗಳು) ಅಗಲ, ಬೋಲ್ಟ್ ಹೋಗುವ ಒಳವ್ಯಾಸ. ಎಡಬಲದ ಸ್ಲೀವ್‌ಗಳ ದಪ್ಪ ಬೇರೆಬೇರೆ ಇದ್ದರೆ ಅದಲುಬದಲಾಗದಂತೆ ನೋಡಿಕೊಳ್ಳಿ. ಹೊಸದು 5 ಮಿ.ಮೀ. ಉದ್ದ ಇದೆ ಅಂದರೆ ಲಿಂಕೇಜ್‌ನಿಂದಾಗಿ (ಶಾಕನ್ನೂ ಸ್ವಿಂಗ್ ಆರ್ಮನ್ನೂ ಜೋಡಿಸುವ ಕೀಲುಗಳು) ಹಿಂಭಾಗ ಅದರ ಎರಡೂವರೆ ಪಟ್ಟು, ಅಂದರೆ 12 ಮಿ.ಮೀ.ನಷ್ಟು ಏರುತ್ತದೆ. ಆಗ ಸೈಡ್ ಸ್ಟ್ಯಾಂಡ್‌ನಲ್ಲಿ ಗಾಡಿ ಹೆಚ್ಚು ವಾಲುತ್ತದೆ, ಡಬಲ್ ಸ್ಟ್ಯಾಂಡ್‌ನಲ್ಲಿ ಹಿಂಚಕ್ರ ನೆಲಕ್ಕೆ ತಾಗಬಹುದು, ಹೆಡ್‌ಲೈಟ್ ಬೆಳಕು ಹತ್ತಿರ ಬೀಳುತ್ತದೆ.

ಹೊಸದನ್ನು ಹಾಕುವ ಮೊದಲು, ಶಾಕ್ ಇಲ್ಲದ ಈ ಹೊತ್ತನ್ನು ಉಪಯೋಗಿಸಿಕೊಳ್ಳಿ. ಚಕ್ರ ತಾತ್ಕಾಲಿಕವಾಗಿ ಸಿಕ್ಕಿಸಿ ಕೈಯಲ್ಲಿ ಪೂರ್ತಿ ಮೇಲಕ್ಕೆ ಎತ್ತಿ: ಟೈರ್ ಮಡ್‌ಗಾರ್ಡ್‌ಗೆ ತಾಗುತ್ತದಾ, ಬ್ರೇಕ್ ಹೋಸ್ ಬಿಗಿಯುತ್ತದಾ, ವೈರ್ ಎಲ್ಲಿಯಾದರೂ ಸಿಕ್ಕಿಕೊಳ್ಳುತ್ತದಾ ನೋಡಿ. ಚೈನಿನ ಲೆಕ್ಕವೂ ಈಗಲೇ ಸಿಗೋದು. ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮ್ ಪಿವೊಟ್, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತ್ಯಂತ ಬಿಗಿ. ಆ ಎತ್ತರದಲ್ಲಿ ನಿಲ್ಲಿಸಿ, 10ರಿಂದ 15 ಮಿ.ಮೀ. ಸಡಿಲ ಇದೆಯಾ ಅಂತ ನೋಡಿ. ಅಲ್ಲಿ ಸಡಿಲ ಇಲ್ಲದಿದ್ದರೆ ಭಾರ ಹೊತ್ತು ಗುಂಡಿಗೆ ಬಿದ್ದಾಗ ಪೆಟ್ಟು ಹೋಗೋದು ಗೇರ್‌ಬಾಕ್ಸ್ ಬೇರಿಂಗ್‌ಗೆ.

ಜೋಡಿಸುವಾಗ ಮೇಲಿನ ಬೋಲ್ಟ್ ಮೊದಲು, ಬೆರಳಲ್ಲಿ ಮಾತ್ರ. ಜಾಕ್ ಸರಿಮಾಡಿ ಕೆಳಗಿನದು. ಆಮೇಲೆ ಟಾರ್ಕ್. ಕಿವಿಯಲ್ಲಿ ರಬ್ಬರ್ ಬುಶ್ ಇದ್ದರೆ ಕೊನೆಯ ಬಿಗಿತವನ್ನು ಗಾಡಿ ತನ್ನ ಚಕ್ರದ ಮೇಲೆ ನಿಂತಾಗ ಕೊಡಿ. ಜೋತುಬಿದ್ದಾಗಲೇ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಗೋಲ ಬೇರಿಂಗ್ ಇದ್ದರೆ ಈ ತೊಂದರೆ ಇಲ್ಲ. ನೈಲಾನ್ ಇರುವ ನಟ್ ಹೊಸದೇ ಹಾಕಿ. ಥ್ರೆಡ್‌ಗೆ ಗ್ರೀಸ್ ಬೇಡ, ಅದೇ ಅಂಕಿಗೆ ಬೋಲ್ಟ್ ಹೆಚ್ಚು ಎಳೆದುಕೊಳ್ಳುತ್ತದೆ. ಬೋಲ್ಟ್‌ನ ನಯವಾದ ಭಾಗಕ್ಕೆ ತೆಳುವಾಗಿ ಸವರಿದರೆ ಸಾಕು. ನಟ್ ಮೇಲಿಂದ ಬೋಲ್ಟ್ ಮೇಲಕ್ಕೆ ಬಣ್ಣದ ಗೆರೆ ಎಳೆಯಿರಿ, 100 ಕಿ.ಮೀ. ಮತ್ತು 500 ಕಿ.ಮೀ.ಗೆ ನೋಡಿದಾಗ ಗೆರೆ ಮುರಿದಿರಬಾರದು.

ರಿಸರ್ವಾಯರ್ ಹೋಸ್ ಸೈಲೆನ್ಸರ್‌ನಿಂದ, ಚೈನ್‌ನಿಂದ ದೂರ ಹಾಯಲಿ. ರಿಸರ್ವಾಯರ್ ಹಿಡಿದು ಶಾಕ್ ಎತ್ತಬೇಡಿ. ಹೊಳೆಯುವ ರಾಡನ್ನು ಕಟಿಂಗ್ ಪ್ಲೇಯರ್‌ನಲ್ಲಿ ಹಿಡಿಯಲೇಬೇಡಿ, ಒಂದು ಗೀರು ಬಿದ್ದರೆ ಹೊಸ ಸೀಲ್ ಮೊದಲ ಮಳೆಗಾಲ ಕಾಣೋದಿಲ್ಲ. ಹಳೇ ಶಾಕನ್ನು ಕತ್ತರಿಸೋದು, ತೂತು ಕೊರೆಯೋದು, ಕಾಯಿಸೋದು ಬೇಡ. ಒಳಗೆ ಇನ್ನೂ ಗ್ಯಾಸ್ ಒತ್ತಡ ಉಳಿದಿರಬಹುದು.

ಪಾನಾ ಪಕ್ಕಡ

ಮ್ಯಾಲಿನವರು ಹೇಳಿದ್ದು ಬರೋಬ್ಬರಿ ಐತ್ರಿ. ಆದ್ರ ಶಾಕ್ ಬಿಚ್ಚಿದ ಮ್ಯಾಲೆ ಲಿಂಕೇಜ್ ಹಂಗ ಬಿಡಬ್ಯಾಡ್ರಿ. 43,000 ಕಿ.ಮೀ. ಮಳಿಯೊಳಗ, ಕೆಸರಿನೊಳಗ ಓಡಿದ ಗಾಡಿ. ಲಿಂಕೇಜ್ ಬೇರಿಂಗ್ ತುಕ್ಕು ಹಿಡಿದಿದ್ರ ಎಷ್ಟು ರೊಕ್ಕದ ಶಾಕ್ ಹಾಕಿದ್ರೂ ಹಿಂದಿನ ಭಾಗ ಒಣಾ ಮರದಂಗ ಬಡೀತೈತಿ.

ಶಾಕ್ ಬಿಚ್ಚೂಕಿಂತ ಮೊದಲ ಒಂದು ಪರೀಕ್ಷೆ ಮಾಡ್ರಿ. ಡಬಲ್ ಸ್ಟ್ಯಾಂಡ್ ಮ್ಯಾಲೆ ಹಿಂದಿನ ಟೈರ್ ಹಿಡಿದು ಸಾವಕಾಶ ಮ್ಯಾಲೆ ಎತ್ರಿ. ಸ್ಪ್ರಿಂಗ್ ಒತ್ತೂಕಿಂತ ಮೊದಲ ಟಕ್ ಅಂತ ಕೈಗೆ ಬಡಿದ್ರ ಎಲ್ಲೋ ಸವದೈತಿ ಅಂತ ಅರ್ಥ. ಒಬ್ಬರು ಎತ್ತಿ ಇಳಸೂ ಹೊತ್ತಿಗೆ ಇನ್ನೊಬ್ಬರು ಒಂದೊಂದ ಕೀಲಿನ ಮ್ಯಾಲೆ ಬೆರಳಿಟ್ರ ಯಾವುದು ಅಂತ ಗೊತ್ತಾಗತೈತಿ. ಆಮ್ಯಾಲೆ ಚಕ್ರ ಎಡಕ್ಕ ಬಲಕ್ಕ ಅಲ್ಲಾಡಿಸ್ರಿ. ಅಲ್ಲಿ ಆಟ ಇದ್ರ ಅದು ಸ್ವಿಂಗ್ ಆರ್ಮ್ ಪಿವೊಟ್‌ದು, ಇಲ್ಲಾಂದ್ರ ಚಕ್ರದ ಬೇರಿಂಗ್‌ದು.

ಲಿಂಕೇಜ್ ಹೊರಗ ತಗದು ಒಳಗಿನ ಸ್ಲೀವ್ ಮೆಲ್ಲಕ ಎಳೀರಿ. ಕೆಳಗ ಒಂದು ಬಿಳಿ ಅರಿಬಿ ಹಾಸಿರ್ರಿ. ಕೆಲವು ಸೂಜಿ ಬೇರಿಂಗ್‌ದಾಗ ಪಂಜರ ಇರೂದಿಲ್ಲ, ಸ್ಲೀವ್ ಬಂದ ಕೂಡ್ಲೇ ಸೂಜಿ ಉದರತಾವು, ಒಂದು ಕಳದ್ರೂ ಬೇರಿಂಗ್ ಕೆಟ್ಟಂಗ. ಎಣಿಸಿ ಇಟಗೋರಿ. ಡೀಸೆಲ್ ಇಲ್ಲಾ ಸೀಮೆಎಣ್ಣಿಯೊಳಗ ತೊಳದು ಒಣಗಿಸಿ, ಸ್ಲೀವ್ ಮ್ಯಾಲೆ ಉಗುರು ಆಡಿಸ್ರಿ. ಉಗುರು ಗೆರಿಯೊಳಗ ಸಿಕ್ಕಿದ್ರ ಸ್ಲೀವ್, ಬೇರಿಂಗ್ ಎರಡೂ ಬದಲಿ ಮಾಡ್ರಿ. ಬರೇ ಕಂದು ಕಲೆ ಇದ್ರ ನಡೀತೈತಿ.

ಹೊಸ ಬೇರಿಂಗ್ ಸುತ್ತಿಗಿಯಿಂದ ಹೊಡದು ಕೂಡಸಬ್ಯಾಡ್ರಿ, ಹೊರಗಿನ ಚಿಪ್ಪ ಭಾಳ ತೆಳುವು, ಸೊಟ್ಟ ಆಗತೈತಿ. ಎಂ10 ಥ್ರೆಡ್ ರಾಡ್, ಎರಡು ನಟ್, ದಪ್ಪ ವಾಷರ್, ಬೇರಿಂಗ್‌ಕಿಂತ ಕೂದಲೆಳಿ ಸಣ್ಣ ಸಾಕೆಟ್, ಇಷ್ಟ ಇದ್ರ ಮನ್ಯಾಗ ಒತ್ತೂ ಯಂತ್ರ ತಯಾರ್. ಹಳೇದು ಅಂಚಿನಿಂದ ಎಷ್ಟು ಒಳಗ ಕೂತಿತ್ತು ಅಂತ ತಗಿಯೂ ಮೊದಲ ವರ್ನಿಯರ್‌ದಾಗ ಅಳದು ಬರಕೋರಿ, ಹೊಸಾದೂ ಅಷ್ಟ ಒಳಗ ಹೋಗಬೇಕು. ನಂಬರ್ ಕೊರದ ಮುಖ ಹೊರಗ ಇರಲಿ, ಒತ್ತೂದೂ ಆ ಮುಖದ ಮ್ಯಾಲೇ. ಆ ಕಡೆ ಅಂಚು ಗಟ್ಟಿ ಇರ್ತೈತಿ.

ಗ್ರೀಸ್ ನೀರಿಗೆ ತೊಳದು ಹೋಗದಂಥಾದ್ದು ಇರ್ಲಿ. ಮಾಲಿಬ್ಡಿನಮ್ ಇರೂದು ಲಿಂಕೇಜ್‌ಗೆ ಚಲೋ, ಯಾಕಂದ್ರ ಇದು ಪೂರ್ತಿ ತಿರಗೂದಿಲ್ಲ, ಅಷ್ಟರಾಗ ಹಿಂದ ಮುಂದ ಆಡತೈತಿ, ಒತ್ತಡ ಒಂದ ಜಾಗಾದ ಮ್ಯಾಲೆ ಬೀಳತೈತಿ. ಸೂಜಿ ನಡುವ ತುಂಬ್ರಿ, ಸೀಲಿನ ತುಟಿಗೂ ಸವರ್ರಿ. ವಾಟರ್ ಸರ್ವಿಸ್ ಮಾಡಿಸೂವಾಗ ಪೈಪ್ ಆ ಜಾಗಕ್ಕ ಹಿಡಿಯೂದು ಬ್ಯಾಡ ಅಂತ ಹೇಳ್ರಿ, ಸೀಲ್ ದಾಟಿ ನೀರು ಒಳಗ ಹೊಕ್ಕರ ಹೊರಗ ಬರೂದಿಲ್ಲ.

ಸ್ಯಾಗ್ ಲೆಕ್ಕ

ಶಾಕ್ ಕೂರಿಸಿದ ಮೇಲೆ ಕ್ಲಿಕ್ ತಿರುಗಿಸುವ ಆತುರ ಬೇಡ ಸರ್. ಮೊದಲು ಟೇಪ್ ಹಿಡಿದು ಸ್ಯಾಗ್, ಅಂದರೆ ಭಾರಕ್ಕೆ ಹಿಂಭಾಗ ಎಷ್ಟು ಇಳಿಯುತ್ತದೆ ಅನ್ನೋದನ್ನ ಅಳೆಯಿರಿ. ಆಕ್ಸಲ್‌ನ ನೇರ ಮೇಲೆ ಬಾಡಿಯಲ್ಲಿ ಒಂದು ಗುರುತು ಮಾಡಿ. ಮೂರು ಅಳತೆ ಬೇಕು: ಚಕ್ರ ಗಾಳಿಯಲ್ಲಿ ಪೂರ್ತಿ ಜೋತಾಗ, ಗಾಡಿ ತನ್ನದೇ ಭಾರದಲ್ಲಿ ನಿಂತಾಗ, ಮತ್ತು ನೀವು ಹೆಲ್ಮೆಟ್, ಜಾಕೆಟ್, ಬೂಟ್ ಸಮೇತ ಕೂತಾಗ. ಸೀಲು, ಬುಶ್‌ಗಳ ಬಿಗಿತದಿಂದ ಅಳತೆ ಒಂದೇ ಬರೋದಿಲ್ಲ. ಒಮ್ಮೆ ಕೆಳಗೆ ಒತ್ತಿ ಮೆಲ್ಲಗೆ ಬಿಟ್ಟು ಅಳೆಯಿರಿ, ಇನ್ನೊಮ್ಮೆ ಮೇಲೆತ್ತಿ ಮೆಲ್ಲಗೆ ಬಿಟ್ಟು ಅಳೆಯಿರಿ, ನಡುವಿನ ಅಂಕಿ ಹಿಡಿಯಿರಿ.

411ರ ಹಿಂಚಕ್ರ ಆಡುವ ದೂರ 180 ಮಿ.ಮೀ. ಸವಾರ ಕೂತಾಗ ಅದರ ಮೂರನೇ ಒಂದು ಭಾಗ, ಅಂದರೆ 55ರಿಂದ 60 ಮಿ.ಮೀ. ಇಳಿಯಬೇಕು. ಬರೀ ಗಾಡಿ ನಿಂತಾಗ 15ರಿಂದ 20 ಇಳಿದರೆ ಸರಿ. ಪ್ರೀಲೋಡ್ ತಿರುಗಿಸಿ ಸವಾರ ಕೂತಾಗಿನ ಇಳಿತವನ್ನು ಸರಿಮಾಡಿ, ಆಮೇಲೆ ಬರೀ ಗಾಡಿಯ ಇಳಿತ ಏನು ಹೇಳುತ್ತದೆ ನೋಡಿ. ಸ್ಪ್ರಿಂಗ್ ನಿಮಗೆ ಸರಿಯೋ ಅಲ್ಲವೋ ಅನ್ನೋದನ್ನ ಹೇಳುವುದು ಬರೀ ಗಾಡಿಯ ಅಂಕಿಯೇ. ಅದು ಸೊನ್ನೆಯ ಹತ್ತಿರ ಇದ್ದರೆ ಸ್ಪ್ರಿಂಗ್ ಮೆತ್ತಗಾಯಿತು, ಅದನ್ನು ಪ್ರೀಲೋಡ್‌ನಿಂದ ಮುಚ್ಚಿಟ್ಟಿದ್ದೀರಿ. 30 ದಾಟಿದರೆ ಸ್ಪ್ರಿಂಗ್ ಗಟ್ಟಿಯಾಯಿತು.

ಪ್ರೀಲೋಡ್‌ನಿಂದ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಅನ್ನೋ ನಂಬಿಕೆ ಎಲ್ಲ ಕಡೆ ಇದೆ, ಅದು ತಪ್ಪು. ಒಂದೇ ಸಮನಾದ ಸುರುಳಿಯ ಸ್ಪ್ರಿಂಗ್ 80 ನ್ಯೂಟನ್ ಪ್ರತಿ ಮಿ.ಮೀ. ಅಂತಿದ್ದರೆ ಎಷ್ಟು ತಿರುಗಿಸಿದರೂ ಅದು 80ರದ್ದೇ.

ಚಕ್ರದ ಬಳಿ ನಿಜವಾಗಿ ಎಷ್ಟು ಗಟ್ಟಿ ಅಂತ ತಿಳಿಯಲು ಎರಡು 25 ಕೆ.ಜಿ. ಅಕ್ಕಿ ಮೂಟೆ ಸಾಕು. ಒಬ್ಬರು ಸವಾರರಾಗಿ ಕೂತಿರಲಿ, ಮೂಟೆಗಳನ್ನು ಆಕ್ಸಲ್‌ನ ನೇರ ಮೇಲೆ ಇಡಿ, ಆಗ ಆ ಭಾರವೆಲ್ಲ ಹಿಂಚಕ್ರಕ್ಕೇ ಹೋಗುತ್ತದೆ. 50 ಕೆ.ಜಿ. ಅಂದರೆ 490 ನ್ಯೂಟನ್. ಹಿಂಭಾಗ 35 ಮಿ.ಮೀ. ಇಳಿದರೆ ಚಕ್ರದ ಬಳಿ 14 ನ್ಯೂಟನ್ ಪ್ರತಿ ಮಿ.ಮೀ. ಅಂತಾಯಿತು. ಲಿಂಕೇಜ್ ಅನುಪಾತ ಬೇಕಿದ್ದರೆ ಶಾಕ್ ಇಲ್ಲದಾಗ ಚಕ್ರವನ್ನು 50 ಮಿ.ಮೀ. ಎತ್ತಿ, ಶಾಕ್‌ನ ಎರಡು ಬೋಲ್ಟ್ ಜಾಗಗಳ ನಡುವಿನ ದೂರ ಎಷ್ಟು ಕಡಿಮೆಯಾಯಿತು ನೋಡಿ. 20 ಕಡಿಮೆಯಾದರೆ ಅನುಪಾತ 2.5. ಶಾಕ್‌ನ ಸ್ಪ್ರಿಂಗ್ ಅಂಕಿಯನ್ನು ಈ ಅನುಪಾತದ ವರ್ಗದಿಂದ, ಅಂದರೆ 6.25ರಿಂದ, ಭಾಗಿಸಿದರೆ ಚಕ್ರದ ಬಳಿಯ ಅಂಕಿ. ಲಿಂಕೇಜ್ ಅನುಪಾತ ಎತ್ತರದ ಜೊತೆ ಬದಲಾಗುವುದರಿಂದ ಗಾಡಿ ಓಡುವಾಗ ಇರುವ ಎತ್ತರದ ಆಸುಪಾಸಿನಲ್ಲೇ ಅಳೆಯಿರಿ.

ರೀಬೌಂಡ್ ಕೊನೆಗೆ. ತಯಾರಕರು ಹೇಳಿದ ಕ್ಲಿಕ್‌ನಿಂದ ಶುರು ಮಾಡಿ, ಪೂರ್ತಿ ಮುಚ್ಚಿದ ಜಾಗದಿಂದ ಎಣಿಸಿ, ಒಮ್ಮೆಗೆ ಎರಡೇ ಕ್ಲಿಕ್. ಹಂಪ್ ಆದ ಮೇಲೆ ಸೀಟು ಒದ್ದರೆ ಮುಚ್ಚಿ. ಸಾಲು ಸಾಲು ಗುಂಡಿಗಳಲ್ಲಿ ಹಿಂಭಾಗ ತಗ್ಗುತ್ತಾ ತಗ್ಗುತ್ತಾ ಹೋಗಿ ಕೊನೆಗೆ ಗಡಸಾದರೆ ತೆರೆಯಿರಿ, ಚಕ್ರ ಮುಂದಿನ ಗುಂಡಿಗೆ ಮೊದಲು ವಾಪಸ್ ಇಳಿಯುತ್ತಿಲ್ಲ.

ಕಡಲ ಕಡೆಯ ಸ್ಪಾನರ್

ಒಂದು ಸಣ್ಣ ವಿಷಯ ಬಿಟ್ಟುಹೋಯ್ತು ಮಾರಾಯ್ರೆ. ಪ್ರೀಲೋಡ್ ರಿಂಗ್ ತಿರುಗಿಸುವ ಮೊದಲು ಆ ಥ್ರೆಡ್ಡನ್ನು ಹಳೇ ಹಲ್ಲುಜ್ಜುವ ಬ್ರಶ್‌ನಲ್ಲಿ ತೊಳೆದು, ಒಣಗಿಸಿ, ಒಂದು ಹನಿ ಎಣ್ಣೆ ಬಿಡಿ. ರಿಂಗೂ ಅಲ್ಯುಮಿನಿಯಮ್, ಮೈಯೂ ಅಲ್ಯುಮಿನಿಯಮ್. ನಡುವೆ ಮರಳು ಸಿಕ್ಕಿದರೆ ಎರಡೂ ಕಚ್ಚಿಕೊಂಡು ಮತ್ತೆ ಅಲ್ಲಾಡುವುದಿಲ್ಲ. ತಿರುಗಿಸುವಾಗ ಚಕ್ರ ಗಾಳಿಯಲ್ಲಿರಲಿ, ಲಾಕ್ ರಿಂಗ್ ಮೊದಲು ಸಡಿಲಿಸಿ. ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆಯುವುದು ಬೇಡವೇ ಬೇಡ, ಕೊಕ್ಕೆ ಸ್ಪಾನರ್ ಬಳಸಿ. ಮತ್ತೆ ಹಿಂಚಕ್ರ ಎಸೆಯುವ ಕೆಸರು ನೇರ ಶಾಕ್‌ನ ರಾಡ್‌ಗೇ ಹೊಡೆಯುತ್ತದೆ. ಟೈರಿಗೂ ಶಾಕ್‌ಗೂ ನಡುವೆ ಒಂದು ರಬ್ಬರ್ ಹಾಳೆ ತೂಗಿಬಿಟ್ಟರೆ ಸೀಲಿಗೆ ಒಳ್ಳೆಯದು. ಶಾಕ್ ಪೂರ್ತಿ ಒತ್ತಿದಾಗ ಅದು ಸ್ಪ್ರಿಂಗ್ ಒಳಗೆ ಸಿಕ್ಕಬಾರದು ಅಷ್ಟೇ.

ಕೊಪ್ಪದ ದಾರಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶಾಕ್ ಕೂತಿದೆ, ಉದ್ದ ಹಳೆಯದರಷ್ಟೇ. ಲಿಂಕೇಜ್‌ನ ಒಂದು ಸ್ಲೀವ್‌ನಲ್ಲಿ ಉಗುರು ಸಿಕ್ಕಿತು, ಸ್ಲೀವ್ ಬೇರಿಂಗ್ ಎರಡೂ ಬದಲಾದವು. ಅಳತೆ: ಜೋತಾಗ 640, ಗಾಡಿ ಮಾತ್ರ 632, ನಾನು ಕೂತಾಗ 582. ಸ್ಪ್ರಿಂಗ್ ಮೇಲೆ 80 ಅಂತ ಇದೆ. ಇದು ಸಾಕಾ?

ಸ್ಯಾಗ್ ಲೆಕ್ಕ

ನೀವು ಕೂತಾಗ 58, ಅದು ಸರಿ. ಗಾಡಿ ಮಾತ್ರ ನಿಂತಾಗ 8, ಅದು ಕಡಿಮೆ. ಅಂದರೆ ಸ್ಪ್ರಿಂಗ್ ನಿಮ್ಮ ತೂಕಕ್ಕೆ ಮೆತ್ತಗಿದೆ, ಪ್ರೀಲೋಡ್ ಜಾಸ್ತಿ ಕೊಟ್ಟು ಎತ್ತರ ತಂದಿದ್ದೀರಿ. ನಿಮ್ಮ ಭಾರಕ್ಕೆ ಅದು 50 ಮಿ.ಮೀ. ಇಳಿಯುತ್ತಿದೆ. ಬೇಕಿರೋದು 58ರಲ್ಲಿ ಬರೀ ಗಾಡಿಗೆ ಬೇಕಾದ 16 ಕಳೆದರೆ 42. ಐವತ್ತನ್ನು ನಲವತ್ತೆರಡರಿಂದ ಭಾಗಿಸಿದರೆ 1.19, ಎಂಬತ್ತಕ್ಕೆ ಗುಣಿಸಿದರೆ 95. ಅದೇ ಉದ್ದ, ಅದೇ ಒಳವ್ಯಾಸದ 95ರ ಸ್ಪ್ರಿಂಗ್ ಕೇಳಿ ತರಿಸಿ. ಹಿಂದೆ ಜನ ಕೂತು ಪೆಟ್ಟಿಗೆ ಹೇರಿದಾಗ ಅದರ ಮೇಲೆ ಪ್ರೀಲೋಡ್ ಏರಿಸಿಕೊಳ್ಳಬಹುದು. ಥ್ರೆಡ್ 1.5 ಮಿ.ಮೀ. ಅಂತರದ್ದಾದರೆ ನಾಲ್ಕು ಸುತ್ತಿಗೆ 6 ಮಿ.ಮೀ., ಹಿಂಭಾಗ 15 ಮಿ.ಮೀ.ನಷ್ಟು ಏರುತ್ತದೆ. ಎಷ್ಟು ಸುತ್ತು ಅಂತ ಟ್ಯಾಂಕ್ ಬ್ಯಾಗ್‌ನಲ್ಲಿ ಚೀಟಿ ಬರೆದಿಡಿ, ಒಬ್ಬರೇ ಓಡಿಸುವ ದಿನ ಅಷ್ಟೇ ಇಳಿಸಬೇಕು.

ಸ್ಪ್ರಿಂಗ್ ಬದಲಿಸಲು ಶಾಕ್ ಮತ್ತೆ ಹೊರಗೆ ಬರಬೇಕು. ಪ್ರೀಲೋಡ್ ರಿಂಗನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ, ಸ್ಪ್ರಿಂಗ್ ಕೈಯಲ್ಲಿ ಗಲಗಲ ಅಲ್ಲಾಡುವಷ್ಟು ಸಡಿಲವಾದರೆ ಮಾತ್ರ ಕೆಳಗಿನ ತಟ್ಟೆಯ ಕ್ಲಿಪ್ ತೆಗೆಯಿರಿ. ಸ್ವಲ್ಪವಾದರೂ ಒತ್ತಡ ಉಳಿದಿದ್ದರೆ ಅಲ್ಲಿಗೇ ನಿಲ್ಲಿಸಿ ಸಸ್ಪೆನ್ಷನ್ ಕೆಲಸ ಮಾಡುವವರ ಬಳಿ ಒತ್ತಿಸಿಕೊಳ್ಳಿ, ಹಾರಿ ಬರುವ ತಟ್ಟೆ ಕೈ ಮುರಿಯುತ್ತದೆ. ಜೋಡಿಸಿದ ಮೇಲೆ ಪ್ರೀಲೋಡ್ 10 ಮಿ.ಮೀ.ನಿಂದ ಶುರುಮಾಡಿ ಮೂರೂ ಅಳತೆ ಮತ್ತೆ ತೆಗೆಯಿರಿ. ರೀಬೌಂಡ್ ಈಗ ಇರುವುದಕ್ಕಿಂತ ಎರಡು ಕ್ಲಿಕ್ ಮುಚ್ಚಿ ಓಡಿಸಿ ನೋಡಿ. ಗಟ್ಟಿ ಸ್ಪ್ರಿಂಗ್ ವಾಪಸ್ ತಳ್ಳುವ ಬಲ ಹೆಚ್ಚು, ಅದನ್ನು ಹಿಡಿಯಲು ಎಣ್ಣೆಯ ದಾರಿ ಅಷ್ಟು ಕಿರಿದಾಗಬೇಕು.